ಇಪ್ಪತ್ತೊಂದು ಸೆಂಟಿಮೀಟರಿನ ಆಕಾಶಗಂಗೆ

ನೆದರ್‌ಲ್ಯಾಂಡ್ಸ್ ಎಂದರೆ ಕಾಲುವೆ, ಗಾಳಿಗಿರಣಿ, ಟ್ಯೂಲಿಪ್ ಹೊಲ ಎಂದುಕೊಂಡು ಹೋದವರನ್ನು ಫೆಲುವೆ ಸೀಮೆ ತಬ್ಬಿಬ್ಬು ಮಾಡುತ್ತದೆ. ದೇಶದ ನಡುಭಾಗದ ಈ ಸೀಮೆಯಲ್ಲಿ ಕಣ್ಣಿಗೆ ಬೀಳುವುದು ಮರಳು. ಗಾಳಿ ಬೀಸಿದಂತೆ ಜಾಗ ಬದಲಿಸುವ ದಿಬ್ಬಗಳು, ಅವುಗಳ ಅಂಚಿಗೆ ಪೈನ್ ತೋಪುಗಳು, ಆಗಸ್ಟ್ ಬಂತೆಂದರೆ ನೇರಳೆಗೆ ತಿರುಗುವ ಹೀದರ್ ಪೊದೆಗಳ ಬಯಲು. ಜನವಸತಿ ವಿರಳ. ಅದಕ್ಕೇ 1920ರ ದಶಕದಲ್ಲಿ ಡಚ್ಚರ ಅಂಚೆ-ತಂತಿ ಇಲಾಖೆ ಇಲ್ಲಿನ ಕೋಟ್ವೈಕ್‌ನಲ್ಲಿ ದೊಡ್ಡದೊಂದು ರೇಡಿಯೊ ಕೇಂದ್ರ ಕಟ್ಟಿತು. ಇಗರ್ಜಿಯ ಗತ್ತಿನ ಕಾಂಕ್ರೀಟ್ ಕಟ್ಟಡ, ಸುತ್ತ ಮುಗಿಲೆತ್ತರದ ಕಂಬಗಳು. ಇಲ್ಲಿಂದ ಹೊರಟ ಸಂದೇಶ ಸಾಗರಗಳನ್ನು ದಾಟಿ ಜಾವಾ ದ್ವೀಪದಲ್ಲಿದ್ದ ಅವರ ವಸಾಹತನ್ನು ಮುಟ್ಟುತ್ತಿತ್ತು.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಇದೇ ಬಯಲಿಗೆ ಏಳೂವರೆ ಮೀಟರ್ ಅಗಲದ ಲೋಹದ ಬೋಗುಣಿಯೊಂದು ಬಂದು ನಿಂತಿತು. ಶತ್ರು ವಿಮಾನಗಳ ಜಾಡು ಹಿಡಿಯಲು ಜರ್ಮನರು ಕಟ್ಟಿಕೊಂಡಿದ್ದ ‘ವುರ್ಟ್ಸ್‌ಬುರ್ಗ್ ದೈತ್ಯ’ ಎಂಬ ರೇಡಾರ್ ಅದು. ಸೋತ ಸೈನ್ಯ ಅಂಥ ಹಲವನ್ನು ಹಾಗೇ ಬಿಟ್ಟು ಹೋಗಿತ್ತು. ಗುಜರಿ ಸೇರಬೇಕಿದ್ದವುಗಳಲ್ಲಿ ಕೆಲವನ್ನು ಅಂಚೆ-ತಂತಿ ಇಲಾಖೆಯ ಎಂಜಿನಿಯರ್ ಡೆ ವೋಗ್ಟ್ ಉಳಿಸಿಕೊಂಡರು. ಅವುಗಳಲ್ಲೊಂದು ಖಗೋಳ ವಿಜ್ಞಾನಿಗಳ ಪಾಲಿಗೆ ಬಂತು.

1952ರ ಒಂದು ಚಳಿಗಾಲದ ರಾತ್ರಿಯನ್ನು ಊಹಿಸಿಕೊಳ್ಳಿ. ಮೋಡ ಕವಿದಿದೆ, ಒಂದು ನಕ್ಷತ್ರವೂ ಕಾಣುತ್ತಿಲ್ಲ. ಅದರಿಂದ ಯಾರಿಗೂ ಬೇಸರವಿಲ್ಲ. ಬೋಗುಣಿಯ ಬುಡದಲ್ಲಿ ಲೈಡನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಯೊಬ್ಬ ಗಡಿಯಾರ ನೋಡಿಕೊಂಡು ಕೂತಿದ್ದಾನೆ. ಕೆಲವು ನಿಮಿಷಕ್ಕೊಮ್ಮೆ ಎದ್ದು ಒಂದು ಹಿಡಿಕೆ ತಿರುವುತ್ತಾನೆ. ಬೋಗುಣಿ ತುಸು ಪಶ್ಚಿಮಕ್ಕೆ ಸರಿಯುತ್ತದೆ. ಇನ್ನೊಂದು ಹಿಡಿಕೆ ತಿರುವುತ್ತಾನೆ. ಅದರ ಮೋರೆ ತುಸು ಏಳುತ್ತದೆ, ಇಲ್ಲವೇ ಇಳಿಯುತ್ತದೆ. ಭೂಮಿ ತಿರುಗುತ್ತಿರುವುದರಿಂದ ಆಕಾಶದ ಒಂದೇ ಬಿಂದುವಿಗೆ ಮುಖ ಮಾಡಿ ನಿಲ್ಲಬೇಕಾದರೆ ಹೀಗೆ ತಿರುವುತ್ತಲೇ ಇರಬೇಕು. ಮೋಟಾರು ಇಲ್ಲ. ಪಕ್ಕದಲ್ಲಿ ಕಾಗದದ ಸುರುಳಿ ನಿಧಾನವಾಗಿ ಬಿಚ್ಚಿಕೊಳ್ಳುತ್ತಿದೆ. ಅದರ ಮೇಲೆ ಲೇಖನಿಯೊಂದು ನಡುಗುವ ಗೆರೆ ಎಳೆಯುತ್ತಿದೆ. ಗೆರೆ ಸ್ವಲ್ಪ ಉಬ್ಬಿತೆಂದರೆ ಅಲ್ಲಿ ಜಲಜನಕವಿದೆ. ಹಗಲು, ರಾತ್ರಿ, ಮತ್ತೆ ಹಗಲು. ನಾವಿರುವ ಗ್ಯಾಲಕ್ಸಿಯ ಸುರುಳಿ ತೋಳುಗಳು ಕಾಗದಕ್ಕೆ ಇಳಿದದ್ದು ಹೀಗೆ, ರಟ್ಟೆಯ ಬಲದಿಂದ.

ಈ ಪಾಡು ಯಾಕೆ ಬೇಕಿತ್ತು ಎಂದರೆ, ಆಕಾಶಗಂಗೆಯನ್ನು ನಾವು ಹೊರಗೆ ನಿಂತು ನೋಡಲಾರೆವು. ತಟ್ಟೆಯಾಕಾರದ ಆ ನಕ್ಷತ್ರರಾಶಿಯ ಒಳಗೇ, ಕೇಂದ್ರದಿಂದ ಸುಮಾರು 26,000 ಜ್ಯೋತಿರ್ವರ್ಷ ದೂರದಲ್ಲಿ, ನಮ್ಮ ವಾಸ. ಅಷ್ಟೇ ಆಗಿದ್ದರೆ ದೊಡ್ಡ ದೂರದರ್ಶಕ ಕಟ್ಟಿ ಹೇಗೋ ಸುಧಾರಿಸಬಹುದಿತ್ತು. ತಟ್ಟೆಯ ತುಂಬ ಧೂಳಿದೆ. ಊರಿನ ದೀಪಗಳಿಂದ ದೂರ ಹೋಗಿ ಮಳೆಗಾಲದ ಕೊನೆಗೆ ಆಕಾಶಗಂಗೆಯನ್ನು ನೋಡಿದವರಿಗೆ ಅದರ ನಡುವೆ ಸೀಳಿದಂತಿರುವ ಕಪ್ಪು ಪಟ್ಟೆ ಗೊತ್ತು. ಅಲ್ಲಿ ನಕ್ಷತ್ರಗಳಿಲ್ಲವೆಂದಲ್ಲ, ಧೂಳು ಅವುಗಳ ಬೆಳಕನ್ನು ತಡೆದಿದೆ. ತಟ್ಟೆಯ ಸಮತಲದಲ್ಲಿ ಬೆಳಕಿನ ಮೂಲಕ ಕಾಣುವುದು ಕೆಲವು ಸಾವಿರ ಜ್ಯೋತಿರ್ವರ್ಷದಷ್ಟು ಮಾತ್ರ. ಧನು ರಾಶಿಯ ಕಡೆ ಇರುವ ಕೇಂದ್ರವನ್ನು ಯಾವ ಮಸೂರವೂ ತೋರಿಸಲಾರದು. ರೇಡಿಯೊ ಅಲೆಗೆ ಮಾತ್ರ ಈ ಧೂಳಿನ ಗೊಡವೆಯಿಲ್ಲ.

1944ರಲ್ಲಿ ಲೈಡನ್‌ನ ಯಾನ್ ಊರ್ಟ್ ಅವರಿಗೆ ಹೊಳೆದದ್ದು ಇದೇ. ದೇಶ ನಾಜಿಗಳ ವಶದಲ್ಲಿತ್ತು. ಯಹೂದಿ ಪ್ರಾಧ್ಯಾಪಕರನ್ನು ಹೊರಹಾಕಿದ್ದನ್ನು ಲೈಡನ್‌ನವರು ಪ್ರತಿಭಟಿಸಿದ್ದರಿಂದ ವಿಶ್ವವಿದ್ಯಾಲಯಕ್ಕೆ ಬೀಗ ಬಿದ್ದಿತ್ತು. ಊರ್ಟ್ ಹುದ್ದೆ ಬಿಟ್ಟು ಫೆಲುವೆಯದೇ ಹುಲ್ಸ್‌ಹೋರ್ಸ್ಟ್ ಎಂಬ ಹಳ್ಳಿ ಸೇರಿದ್ದರು. ಅಮೆರಿಕದ ಗ್ರೋಟ್ ರೀಬರ್ ತನ್ನ ಮನೆಯ ಹಿತ್ತಲಲ್ಲಿ ಒಬ್ಬನೇ ಬೋಗುಣಿ ಕಟ್ಟಿ ಆಕಾಶಗಂಗೆಯ ರೇಡಿಯೊ ಸದ್ದನ್ನು ಅಳೆದಿದ್ದ. ಆ ಲೇಖನ ಯುದ್ಧದ ಗಡಿಗಳನ್ನು ದಾಟಿ ಹೇಗೋ ಊರ್ಟ್ ಕೈ ಸೇರಿತು. ರೀಬರ್ ಕೇಳಿದ್ದು ಎಲ್ಲ ಅಲೆಗಳೂ ಕಲಸಿಹೋದ ಸದ್ದು. ಊರ್ಟ್‌ಗೆ ಬೇಕಿದ್ದುದು ಒಂದೇ ಒಂದು ನಿಖರ ಅಲೆಯುದ್ದದಲ್ಲಿ ಬರುವ ಸಂಕೇತ. ಅಂಥದು ಸಿಕ್ಕರೆ ಅದು ಹೊಮ್ಮಿದ ಅನಿಲದ ವೇಗ ಗೊತ್ತಾಗುತ್ತದೆ. ವೇಗ ಗೊತ್ತಾದರೆ ಜಾಗ ಗೊತ್ತಾಗುತ್ತದೆ. ಹಾಗೇಕೆಂದು ಮುಂದೆ ಹೇಳುತ್ತೇನೆ.

ಲೆಕ್ಕ ಹಾಕುವ ಕೆಲಸ ಬಿದ್ದದ್ದು ಯುಟ್ರೆಕ್ಟ್‌ನ ವಿದ್ಯಾರ್ಥಿ ಹೆಂಡ್ರಿಕ್ ಫಾನ್ ಡೆ ಹುಲ್ಸ್ಟ್ ಮೇಲೆ. ಇಪ್ಪತ್ತೈದರ ಹುಡುಗ. ಆ ವರ್ಷದ ಏಪ್ರಿಲ್ 15ರಂದು ಲೈಡನ್‌ನ ವೀಕ್ಷಣಾಲಯದಲ್ಲಿ ಸೇರಿದ ಸಣ್ಣ ಸಭೆಯಲ್ಲಿ ಅವನು ತನ್ನ ಉತ್ತರ ಮುಂದಿಟ್ಟ: ಜಲಜನಕವನ್ನು ಹುಡುಕಿ, 21 ಸೆಂಟಿಮೀಟರಿನಲ್ಲಿ.

ಜಲಜನಕದ ಪರಮಾಣುವಿನಲ್ಲಿರುವುದು ಒಂದು ಪ್ರೋಟಾನು, ಒಂದು ಎಲೆಕ್ಟ್ರಾನು. ಎರಡಕ್ಕೂ ಗಿರಕಿಯೆಂಬ ಗುಣವುಂಟು. ಆ ಕಾರಣಕ್ಕೆ ಎರಡೂ ಪುಟಾಣಿ ಅಯಸ್ಕಾಂತಗಳೇ. ಗಿರಕಿಗಳು ಒಂದೇ ದಿಕ್ಕಿಗಿದ್ದಾಗ ಪರಮಾಣುವಿನ ಶಕ್ತಿ ಕೂದಲೆಳೆಯಷ್ಟು ಹೆಚ್ಚು, ಎದುರುಬದುರಾದಾಗ ಅಷ್ಟೇ ಕಡಿಮೆ. ಎಲೆಕ್ಟ್ರಾನು ಮಗುಚಿಕೊಂಡಾಗ ಆ ವ್ಯತ್ಯಾಸ ಒಂದು ರೇಡಿಯೊ ಅಲೆಯಾಗಿ ಹೊರಬೀಳುತ್ತದೆ. ಅಲೆಯ ಉದ್ದ 21.1 ಸೆಂಟಿಮೀಟರ್, ಕಂಪನಾಂಕ 1420.4 ಮೆಗಾಹರ್ಟ್ಸ್. ಪರಮಾಣುವನ್ನು ತನ್ನಷ್ಟಕ್ಕೆ ಬಿಟ್ಟರೆ ಈ ಮಗುಚುವಿಕೆಗೆ ಸರಾಸರಿ ಒಂದು ಕೋಟಿ ಹತ್ತು ಲಕ್ಷ ವರ್ಷ ಕಾಯಬೇಕು. ಅಷ್ಟು ಸೋಮಾರಿ ಪರಮಾಣುವಿನಿಂದ ಏನು ಕೇಳಿಸೀತು ಎಂಬ ಅನುಮಾನ ಸಹಜ. ಸ್ವತಃ ಫಾನ್ ಡೆ ಹುಲ್ಸ್ಟ್‌ಗೇ ಇತ್ತು. ಆದರೆ ನಕ್ಷತ್ರಗಳ ನಡುವಿನ ಜಲಜನಕ ಎಷ್ಟಿದೆಯೆಂದರೆ, ಒಟ್ಟು ತೂಗಿದರೆ ಸೂರ್ಯನಂಥ ನೂರಾರು ಕೋಟಿ ನಕ್ಷತ್ರಗಳಿಗೆ ಸಮ. ಒಂದೊಂದು ಪರಮಾಣು ಯುಗಕ್ಕೊಮ್ಮೆ ಉಲಿದರೂ ಎಲ್ಲ ಸೇರಿ ಎಡೆಬಿಡದ ಸದ್ದಾಗುತ್ತದೆ.

ಸಭೆ ಮುಗಿಯಿತು. ಮುಂದೆ ಬಂದದ್ದು ಡಚ್ಚರು ‘ಹಸಿವಿನ ಚಳಿಗಾಲ’ ಎಂದು ಕರೆಯುವ, ಜನ ಟ್ಯೂಲಿಪ್ ಗಡ್ಡೆ ಬೇಯಿಸಿ ತಿಂದ ಚಳಿಗಾಲ. ಆಕಾಶದ ಮಾತು ಯುದ್ಧ ಮುಗಿಯುವವರೆಗೆ ಕಾಯಬೇಕಾಯಿತು.

ಕಾದವರಿಗೆ ಮೊದಲು ದಕ್ಕಲಿಲ್ಲ. ದಕ್ಕಿದ್ದು ಅಮೆರಿಕದ ಹಾರ್ವರ್ಡ್‌ನಲ್ಲಿ, ಹೆರಾಲ್ಡ್ ಯೂಯೆನ್ ಎಂಬ ಸಂಶೋಧನಾ ವಿದ್ಯಾರ್ಥಿಗೆ. ಗುರು ಎಡ್ವರ್ಡ್ ಪರ್ಸೆಲ್. ಸಿಕ್ಕ ಅನುದಾನ 500 ಡಾಲರ್. ಆ ದುಡ್ಡಿನಲ್ಲಿ ದೊಡ್ಡ ಬೋಗುಣಿಯ ಕನಸು ಕಾಣುವಂತಿರಲಿಲ್ಲ. ಯೂಯೆನ್ ಪ್ಲೈವುಡ್ ಹಲಗೆಗಳಿಂದ ಕೊಂಬಿನಾಕಾರದ ಆಂಟೆನಾ ಮಾಡಿ, ಒಳಮೈಗೆ ತಾಮ್ರದ ತಗಡು ಹೊದಿಸಿ, ಲೈಮನ್ ಪ್ರಯೋಗಾಲಯದ ಕಿಟಕಿಯಿಂದ ಆಚೆಗೆ ಚಾಚಿ ನಿಲ್ಲಿಸಿದ. ಅಗಲವಾದ ಬಾಯಿ ಆಕಾಶಕ್ಕೆ, ಸಣ್ಣ ತುದಿ ಕೋಣೆಯೊಳಕ್ಕೆ. ಮಳೆ ಬಂದಾಗ ಏನಾಗಬೇಕೋ ಅದೇ ಆಯಿತು. ಕೊಂಬಿನ ಬಾಯಿಗೆ ಬಿದ್ದ ನೀರೆಲ್ಲ ನೆಟ್ಟಗೆ ಪ್ರಯೋಗಾಲಯಕ್ಕೆ ಸುರಿಯಿತು. ಹಿಮ ಬಿದ್ದ ದಿನಗಳಲ್ಲಿ ಕೆಳಗೆ ಓಡಾಡುವ ಹುಡುಗರಿಗೆ ಆ ತೆರೆದ ಬಾಯಿ ಹಿಮದುಂಡೆ ಎಸೆಯಲು ಹೇಳಿಮಾಡಿಸಿದ ಗುರಿ. ಕೊಂಬನ್ನು ಅತ್ತಿತ್ತ ತಿರುಗಿಸುವ ಏರ್ಪಾಡೇನೂ ಇರಲಿಲ್ಲ. ಭೂಮಿಯೇ ತಿರುಗಿ ಆಕಾಶಗಂಗೆಯನ್ನು ಅದರ ಮುಂದೆ ತಂದು ನಿಲ್ಲಿಸಬೇಕು.

ನಿಜವಾದ ಜಾಣ್ಮೆ ಇದ್ದದ್ದು ಕೋಣೆಯೊಳಗಿನ ಪೆಟ್ಟಿಗೆಯಲ್ಲಿ. ಆಕಾಶದಿಂದ ಬರುವ ಸಂಕೇತಕ್ಕಿಂತ ಗ್ರಾಹಕಯಂತ್ರದ ಒಳಗಿನ ಗೊರಗೊರವೇ ಎಷ್ಟೋ ಪಾಲು ಹೆಚ್ಚು. ಅದಕ್ಕೆ ಯೂಯೆನ್ ಯಂತ್ರದ ಶ್ರುತಿಯನ್ನು ಎರಡು ನೆರೆಹೊರೆ ಕಂಪನಾಂಕಗಳ ನಡುವೆ ಸೆಕೆಂಡಿಗೆ ಹಲವು ಸಲ ಅತ್ತಿಂದಿತ್ತ ಬದಲಿಸುವ ಉಪಾಯ ಹೂಡಿದ. ಗೊರಗೊರ ಎರಡೂ ಕಡೆ ಸಮ, ಆದ್ದರಿಂದ ಕಳೆದಾಗ ಸೊನ್ನೆ. ಜಲಜನಕ ಒಂದೇ ಕಡೆ, ಆದ್ದರಿಂದ ಉಳಿಯುತ್ತದೆ. 1951ರ ಮಾರ್ಚ್ 25, ಈಸ್ಟರ್ ಭಾನುವಾರದ ನಸುಕಿಗೆ ಅದು ಉಳಿಯಿತು.

ಆಮೇಲೆ ನಡೆದದ್ದು ವಿಜ್ಞಾನದ ಚರಿತ್ರೆಯಲ್ಲಿ ದಿನಾ ನಡೆಯುವಂಥದ್ದಲ್ಲ. ಪರ್ಸೆಲ್ ಗುಟ್ಟು ಮಾಡಲಿಲ್ಲ. ಆ ಹೊತ್ತಿಗೆ ಹಾರ್ವರ್ಡ್‌ನಲ್ಲೇ ಅತಿಥಿಯಾಗಿದ್ದ ಫಾನ್ ಡೆ ಹುಲ್ಸ್ಟ್‌ಗೆ ಶ್ರುತಿ ಬದಲಿಸುವ ಉಪಾಯವೂ ಸೇರಿ ಎಲ್ಲವನ್ನೂ ತಿಳಿಸಿದರು. ಕೋಟ್ವೈಕ್‌ನಲ್ಲಿ 1950ರಲ್ಲಿ ಬೆಂಕಿ ಬಿದ್ದು ಗ್ರಾಹಕಯಂತ್ರ ಸುಟ್ಟುಹೋಗಿತ್ತು. ಲೆಕ್ಸ್ ಮುಲ್ಲರ್ ಎಂಬ ಎಂಜಿನಿಯರ್ ಹೊಸದನ್ನು ಜೋಡಿಸುತ್ತಿದ್ದ. ಹಾರ್ವರ್ಡ್‌ನ ಸುದ್ದಿ ಬಂದ ಕೆಲವೇ ವಾರಕ್ಕೆ, ಮೇ 11ರಂದು, ಅಲ್ಲಿಯೂ ಲೇಖನಿಯ ಗೆರೆ ಉಬ್ಬಿತು. ಸಿಡ್ನಿಯಲ್ಲಿ ಕ್ರಿಸ್ಟಿಯಾನ್ಸನ್ ಮತ್ತು ಹಿಂಡ್‌ಮನ್ ಕೈಗೆ ಸಿಕ್ಕ ಸಾಮಾನು ಕೂಡಿಸಿ ಜುಲೈಗೆ ಖಚಿತಪಡಿಸಿದರು. ಸೆಪ್ಟೆಂಬರ್ 1ರ ‘ನೇಚರ್’ ಪತ್ರಿಕೆಯಲ್ಲಿ ಹಾರ್ವರ್ಡ್‌ನ ಬರಹ, ಅದರ ಬೆನ್ನಿಗೆ ಡಚ್ಚರ ಬರಹ, ಜೊತೆಗೆ ಸಿಡ್ನಿಯ ತಂತಿ ಸಂದೇಶ, ಮೂರೂ ಅಚ್ಚಾದವು. ಮೊದಲಿಗರೆನ್ನಿಸಿಕೊಳ್ಳುವ ಆತುರವಿದ್ದಿದ್ದರೆ ಪರ್ಸೆಲ್ ಏಪ್ರಿಲ್‌ನಲ್ಲೇ ಅಚ್ಚು ಹಾಕಿಸಬಹುದಿತ್ತು.

ಸದ್ದು ಸಿಕ್ಕಿತು. ಅದರಿಂದ ನಕ್ಷೆ ಹೇಗೆ? ಇಲ್ಲಿ ಡಾಪ್ಲರ್ ಪರಿಣಾಮ ಬೇಕು. ನಮ್ಮ ಕಡೆ ಬರುತ್ತಿರುವ ಅನಿಲದ ಅಲೆ ಇಪ್ಪತ್ತೊಂದಕ್ಕಿಂತ ತುಸು ಗಿಡ್ಡವಾಗುತ್ತದೆ, ದೂರ ಸರಿಯುತ್ತಿರುವುದರ ಅಲೆ ತುಸು ಉದ್ದವಾಗುತ್ತದೆ. ಸೆಕೆಂಡಿಗೆ ಒಂದು ಕಿಲೋಮೀಟರ್ ವೇಗಕ್ಕೆ ಕಂಪನಾಂಕ ಸುಮಾರು 4.7 ಕಿಲೋಹರ್ಟ್ಸ್ ಜಾರುತ್ತದೆ. ಒಂದೇ ದಿಕ್ಕಿಗೆ ಬೋಗುಣಿ ತಿರುಗಿಸಿ ನಿಂತರೂ ಹತ್ತಿರದ ಮೋಡ, ದೂರದ ಮೋಡ, ಅದರಾಚೆಯ ಮೋಡ ಬೇರೆಬೇರೆ ವೇಗದಲ್ಲಿರುವುದರಿಂದ ಬೇರೆಬೇರೆ ಉಬ್ಬುಗಳಾಗಿ ಬಿಡಿಸಿಕೊಳ್ಳುತ್ತವೆ. ಗ್ಯಾಲಕ್ಸಿ ಒಂದು ಗಟ್ಟಿ ಚಕ್ರವಾಗಿ ಸುತ್ತುವುದಿಲ್ಲ, ಒಳಗಿನವು ಬೇಗ ಸುತ್ತು ಮುಗಿಸುತ್ತವೆ, ಹೊರಗಿನವು ನಿಧಾನ ಎಂದು 1927ರಲ್ಲೇ ನಕ್ಷತ್ರಗಳ ಚಲನೆಯಿಂದ ತೋರಿಸಿದ್ದವರು ಇದೇ ಊರ್ಟ್. ಕೇಂದ್ರದಿಂದ ಇಷ್ಟು ದೂರದಲ್ಲಿದ್ದರೆ ಇಷ್ಟು ವೇಗ ಎಂಬ ಪಟ್ಟಿ ಕೈಯಲ್ಲಿದ್ದರೆ, ವೇಗ ಅಳೆದು ದೂರವನ್ನು ಓದಿಕೊಳ್ಳಬಹುದು. ಕರೆಂಟು ಹೋದ ರಾತ್ರಿ ಮೆಟ್ಟಿಲ ಮೇಲಿನ ಹೆಜ್ಜೆ ಸದ್ದಿನಿಂದಲೇ ಬಂದವರು ಯಾರೆಂದು ಮನೆಯವರು ಹೇಳುತ್ತಾರಲ್ಲ, ಹಾಗೆ ಇದು ನಡಿಗೆಯಿಂದ ಗುರುತು ಹಿಡಿದು ಬರೆದ ನಕ್ಷೆ. ಅದರ ಬಲವೂ ಅದೇ, ಎಡವಟ್ಟೂ ಅದೇ.

ಈ ಉಬ್ಬುಗಳನ್ನು ನೋಡಲು ಈಗ ಕೋಟ್ವೈಕ್‌ಗೆ ಹೋಗಬೇಕಿಲ್ಲ. ಬೆಂಗಳೂರಿನ ಒಂದು ತಾರಸಿಯ ಮೇಲೆ, ಕಾರ್ತಿಕದ ಒಂದು ಸಂಜೆ, ಎಂಜಿನಿಯರಿಂಗ್ ಓದುವ ಹುಡುಗಿಯೊಬ್ಬಳು ಇದನ್ನು ಹಿಡಿದು ತೋರಿಸಿದಳು. ದಪ್ಪ ರಟ್ಟನ್ನು ನಾಲ್ಕು ಓರೆ ಹಲಗೆಗಳಾಗಿ ಕತ್ತರಿಸಿ, ಅಡುಗೆಮನೆಯ ಅಲ್ಯೂಮಿನಿಯಂ ಹಾಳೆ ಮೆತ್ತಿ, ಟೇಪು ಸುತ್ತಿ ಮಾಡಿದ ಕೊಂಬು. ಅದರ ತಳಕ್ಕೆ ಬಣ್ಣದಂಗಡಿಯ ಖಾಲಿ ಥಿನ್ನರ್ ಡಬ್ಬ. ಡಬ್ಬದ ಒಳಗೆ, ಗೋಡೆಗೆ ತಾಗದಂತೆ, ಐದು ಸೆಂಟಿಮೀಟರಿನ ತಾಮ್ರದ ತಂತಿ ನೆಟ್ಟಗೆ ನಿಂತಿದೆ, 21ರ ಕಾಲುಪಾಲು. ಇಡೀ ಏರ್ಪಾಡಿನಲ್ಲಿ ಆಕಾಶವನ್ನು ಮುಟ್ಟುವುದು ಆ ತಂತಿಯೊಂದೇ. ಅದರ ಬುಡಕ್ಕೆ ಬೆರಳುದ್ದದ ಆಂಪ್ಲಿಫೈಯರ್, ಆಮೇಲೆ ಕೇಬಲ್, ಕೊನೆಗೆ ಕಂಪ್ಯೂಟರಿನಲ್ಲಿ ಟಿವಿ ನೋಡಲೆಂದು ಮಾರುವ ಪೆನ್‌ಡ್ರೈವ್ ಗಾತ್ರದ ಡಾಂಗಲ್. ಹಳೆಯ ಲ್ಯಾಪ್‌ಟಾಪು ಪ್ಲಾಸ್ಟಿಕ್ ಸ್ಟೂಲಿನ ಮೇಲೆ.

ಬಟ್ಟೆ ತೆಗೆಯಲು ಬಂದ ಪಕ್ಕದ ಮನೆಯಾಕೆ ನಿಂತು ನೋಡಿದರು.

“ಏನಮ್ಮಾ ಇದು, ಸೋಲಾರ್ ಒಲೆಯಾ?”

“ಅಲ್ಲ ಆಂಟಿ, ಆಕಾಶಗಂಗೆ ಕೇಳೋಕೆ.”

“ಕೇಳೋಕಾ! ಏನನ್ನತ್ತೆ ಅದು?”

ಹುಡುಗಿ ಪರದೆ ನೋಡಿ ಹೇಳಿದಳು: “ಹತ್ರ ಬರ್ತಿದೀನಿ ಅಂತಿದೆ.”

“ಬರಲಿ ಬಿಡು, ಅಷ್ಟೊತ್ತಿಗೆ ಬಟ್ಟೆ ಒಣಗಿರತ್ತೆ” ಎಂದು ಆಕೆ ಕ್ಲಿಪ್ಪುಗಳನ್ನು ಬುಟ್ಟಿಗೆ ಹಾಕಿಕೊಂಡರು.

ಹುಡುಗಿ ಹೇಳಿದ್ದು ತಮಾಷೆಯಲ್ಲ. ಕೊಂಬು ಉತ್ತರಕ್ಕೆ, ರಾಜಹಂಸ ಪುಂಜದ ಕಡೆಗೆ ಮುಖ ಮಾಡಿತ್ತು. ಮೊದಲ ನಿಮಿಷ ಪರದೆಯ ಮೇಲೆ ಬರೀ ಗೊರಗೊರದ ಹುಲ್ಲು. ಸಾವಿರಾರು ಅಳತೆಗಳನ್ನು ಕೂಡಿಸಿ ಸರಾಸರಿ ತೆಗೆಯುತ್ತಾ ಹೋದಂತೆ ಹುಲ್ಲು ಸಮವಾಯಿತು, ನಡುವೆ ಒಂದು ಗುಡ್ಡ ಎದ್ದಿತು. 1420.4 ಮೆಗಾಹರ್ಟ್ಸ್ ಹತ್ತಿರದ ಆ ಗುಡ್ಡ ನಮ್ಮದೇ ನೆರೆಯ ತೋಳಿನ ಅನಿಲ. ಅದರ ಬಲಕ್ಕೆ, 1420.6ರ ಸುಮಾರಿಗೆ ಒಂದು ಭುಜ. ಸೆಕೆಂಡಿಗೆ 40 ಕಿಲೋಮೀಟರಿನಂತೆ ನಮ್ಮತ್ತ ಬರುತ್ತಿರುವ ಪರ್ಸಿಯಸ್ ತೋಳು. ಇನ್ನೂ ಬಲಕ್ಕೆ, 1420.8ರ ಬಳಿ, ಕಂಡೂ ಕಾಣದ ಒಂದು ತಗ್ಗು ದಿಣ್ಣೆ. ಅದು ಎಲ್ಲಕ್ಕಿಂತ ಆಚೆಯ ಹೊರತೋಳು. ಬೀದಿದೀಪ ಹೊತ್ತಿಕೊಂಡಿತು, ಮೋಡ ಬಂತು, ಯಾವುದೋ ಮನೆಯ ಮಿಕ್ಸಿ ಶುರುವಾಯಿತು. ಮೂರು ಗುಡ್ಡಗಳೂ ಅಲ್ಲೇ ಇದ್ದವು. ಒಂದು ನಕ್ಷತ್ರವೂ ಕಾಣದ ಊರಿನಲ್ಲಿ ನಿಂತು ಗ್ಯಾಲಕ್ಸಿಯ ಮೂರು ತೋಳುಗಳನ್ನು ಸಾಲಾಗಿ ನೋಡುವುದು ನನಗಂತೂ ಯಾವ ದೂರದರ್ಶಕದ ನೋಟಕ್ಕಿಂತಲೂ ದೊಡ್ಡದು ಎನ್ನಿಸಿತು. ಶನಿಯ ಉಂಗುರ ನೋಡಿ ಕುಣಿದವರು ಒಪ್ಪಲಿಕ್ಕಿಲ್ಲ.

ಇಂಥ ಗೆರೆಗಳನ್ನು ಆಕಾಶಗಂಗೆಯ ಉದ್ದಕ್ಕೂ ಹಿಡಿದು, ಹಾಳೆಯ ಮೇಲೆ ಜಾಗಕ್ಕೆ ಜಾಗ ಕೂರಿಸುತ್ತಾ ಹೋದದ್ದು ಲೈಡನ್‌ನವರ ಸಾಹಸ. ಫಾನ್ ಡೆ ಹುಲ್ಸ್ಟ್, ಮುಲ್ಲರ್ ಮತ್ತು ಊರ್ಟ್ 1954ರಲ್ಲಿ ಗ್ಯಾಲಕ್ಸಿಯ ಹೊರಭಾಗದ ತೋಳುಗಳನ್ನು ಪ್ರಕಟಿಸಿದರು. ಕೋಟ್ವೈಕ್‌ನ ಬೋಗುಣಿಯ ನೋಟ ಎಷ್ಟು ಮಸುಕೆಂದರೆ, ಒಂದು ಸಲಕ್ಕೆ ಅದು ಹಿಡಿಯುತ್ತಿದ್ದ ಆಕಾಶದ ತುಂಡು ಹುಣ್ಣಿಮೆಯ ಚಂದ್ರನ ನಾಲ್ಕು ಪಟ್ಟು ಅಗಲ. ಹಾಗಿದ್ದೂ ತೋಳುಗಳು ಕಂಡವು. ದೂರ ದಕ್ಷಿಣದ ಆಕಾಶ ನೆದರ್‌ಲ್ಯಾಂಡ್ಸ್‌ಗೆ ಏಳುವುದೇ ಇಲ್ಲ. ಆ ಅರ್ಧವನ್ನು ಸಿಡ್ನಿಯ ಪಾಟ್ಸ್ ಹಿಲ್ ಎಂಬಲ್ಲಿ, ನಗರದ ನೀರು ಸಂಗ್ರಹಾಗಾರದ ಪಕ್ಕದ ಜಾಗದಲ್ಲಿ ನಿಂತಿದ್ದ 11 ಮೀಟರ್ ಬೋಗುಣಿಯಿಂದ ಫ್ರಾಂಕ್ ಕೆರ್ ಮತ್ತು ಸಂಗಡಿಗರು ಅಳೆದರು. 1958ರಲ್ಲಿ ಊರ್ಟ್, ಕೆರ್ ಮತ್ತು ಗಾರ್ಟ್ ವೆಸ್ಟರ್‌ಹೌಟ್ ಎರಡೂ ಅರ್ಧಗಳನ್ನು ಜೋಡಿಸಿ ಒಂದೇ ಚಿತ್ರವಾಗಿ ಮುಂದಿಟ್ಟರು.

ಆ ಚಿತ್ರವನ್ನು ಖಗೋಳದ ಪಠ್ಯಪುಸ್ತಕಗಳಲ್ಲಿ ನೀವೂ ನೋಡಿರಬಹುದು. ಕಪ್ಪು-ಬಿಳುಪು, ತೆಳುವಾದ, ಒತ್ತಾದ ಎಳೆಗಳು ಕೇಂದ್ರದ ಸುತ್ತ ಬಾಗಿವೆ. ಮೇಲಕ್ಕೆ ಸೂರ್ಯನ ಗುರುತು. ಕಣ್ಣನ್ನು ತಡೆದು ನಿಲ್ಲಿಸುವುದು ಎಳೆಗಳಲ್ಲ, ಖಾಲಿ ಬಿಟ್ಟಿರುವ ಎರಡು ಬೆಣೆಗಳು. ಸೂರ್ಯನಿಂದ ಕೇಂದ್ರದ ಕಡೆಗೊಂದು, ಅದರ ನೇರ ಎದುರು ದಿಕ್ಕಿಗೊಂದು. ಆ ಎರಡು ದಿಕ್ಕುಗಳಲ್ಲಿ ಅನಿಲ ನಮ್ಮೆದುರು ಅಡ್ಡಡ್ಡ ಹಾಯುತ್ತದೆ, ನಮ್ಮತ್ತ ಬರುವುದೂ ಇಲ್ಲ, ದೂರ ಸರಿಯುವುದೂ ಇಲ್ಲ. ಡಾಪ್ಲರ್ ಜಾರುವಿಕೆ ಸೊನ್ನೆ. ಹತ್ತಿರದ್ದೂ ದೂರದ್ದೂ ಒಂದೇ ಉಬ್ಬಿನಲ್ಲಿ ಕೂತುಬಿಡುತ್ತವೆ. ಬಿಡಿಸಲಾರದ್ದನ್ನು ಬಿಡಿಸಿದ ಹಾಗೆ ನಟಿಸದೆ ಜಾಗ ಖಾಲಿ ಬಿಟ್ಟರಲ್ಲ, ಆ ನಕ್ಷೆಯಲ್ಲಿ ನನಗೆ ತುಂಬ ಇಷ್ಟವಾದ ಭಾಗ ಅದು.

ಬೇರೆ ತೊಡಕುಗಳೂ ಇದ್ದವು. ಸೂರ್ಯನ ಕಕ್ಷೆಯ ಒಳಗಡೆ ಒಂದೇ ವೇಗ ಎರಡು ಜಾಗಗಳಿಗೆ ಹೊಂದುತ್ತದೆ, ಒಂದು ಹತ್ತಿರ, ಇನ್ನೊಂದು ದೂರ. ಯಾವುದೆಂದು ಬೇರೆ ಸಾಕ್ಷ್ಯದಿಂದ ತೀರ್ಮಾನಿಸಬೇಕು. ಅನಿಲವೆಲ್ಲ ಅಚ್ಚುಕಟ್ಟಾಗಿ ವೃತ್ತದಲ್ಲೇ ಸುತ್ತುತ್ತದೆ ಎಂಬ ನಂಬಿಕೆಯೂ ಪೂರ್ತಿ ನಿಜವಲ್ಲ. ತೋಳುಗಳ ಸೆಳೆತಕ್ಕೆ ಮೋಡಗಳು ಸೆಕೆಂಡಿಗೆ ಹತ್ತಿಪ್ಪತ್ತು ಕಿಲೋಮೀಟರ್ ಹಾದಿ ತಪ್ಪುತ್ತವೆ. ಅಷ್ಟು ತಪ್ಪಿದರೆ ನಕ್ಷೆಯಲ್ಲಿ ಅವುಗಳ ಜಾಗ ಸಾವಿರಾರು ಜ್ಯೋತಿರ್ವರ್ಷ ಪಲ್ಲಟವಾಗುತ್ತದೆ. ಉತ್ತರದ ಅಳತೆಗೂ ದಕ್ಷಿಣದ ಅಳತೆಗೂ ವೇಗಗಳು ಸರಿಯಾಗಿ ತಾಳೆಯಾಗಲಿಲ್ಲ. 1958ರ ಚಿತ್ರದ ತೋಳುಗಳನ್ನು ಇವತ್ತು ಯಾರೂ ಗೆರೆಗೆ ಗೆರೆ ನಂಬುವುದಿಲ್ಲ. ವಿಚಿತ್ರವೆಂದರೆ, ಕೇಂದ್ರಕ್ಕೆ ನಮ್ಮ ದೂರ 26,700 ಜ್ಯೋತಿರ್ವರ್ಷ ಎಂದು ಅವರು ಹಿಡಿದಿದ್ದ ಅಂಕಿಯನ್ನು ಮುಂದಿನವರು ಹಳತೆಂದು ಬಿಟ್ಟು 32,000ಕ್ಕೂ ಮೇಲೆ ಏರಿಸಿದರು, ಮತ್ತೆ ಇಳಿಸಿದರು. ಈಚಿನ ಅತಿ ನಿಖರ ಅಳತೆ ಬಂದು ನಿಂತಿರುವುದು ಹೆಚ್ಚುಕಡಿಮೆ ಅದೇ ಹಳೆಯ ಅಂಕಿಗೆ.

ನಕ್ಷೆ ಬರೆಯುವಾಗ ಹುಡುಕದೇ ಸಿಕ್ಕದ್ದೂ ಇದೆ. ಜಲಜನಕದ ತಟ್ಟೆ ಅಂಚಿನಲ್ಲಿ ಸಪಾಟಾಗಿಲ್ಲ, ಒಂದು ಪಕ್ಕಕ್ಕೆ ಮೇಲೆ, ಎದುರು ಪಕ್ಕಕ್ಕೆ ಕೆಳಗೆ ಬಾಗಿದೆ ಎಂದು 1957ರಲ್ಲಿ ತಿಳಿಯಿತು. ನಕ್ಷತ್ರಗಳು ವಿರಳವಾಗುವ ಅಂಚಿನಾಚೆಗೂ ಅನಿಲ ಹಬ್ಬಿದೆ, ಅಲ್ಲಿಯೂ ಅದರ ಸುತ್ತುವ ವೇಗ ಎಣಿಸಿದಷ್ಟು ಇಳಿಯುವುದಿಲ್ಲ. ಕಾಣದ ದ್ರವ್ಯ ಎಂಬ ಇಂದಿನ ದೊಡ್ಡ ಒಗಟಿಗೆ ನಮ್ಮ ಮತ್ತು ನೆರೆಯ ಗ್ಯಾಲಕ್ಸಿಗಳ ಜಲಜನಕ ಹೇಳಿದ ಸಾಕ್ಷಿ ಸಣ್ಣದಲ್ಲ. 1956ರಲ್ಲಿ ಡ್ವಿಂಗೆಲೋ ಎಂಬಲ್ಲಿ ಡಚ್ಚರು 25 ಮೀಟರಿನ ಬೋಗುಣಿ ಎತ್ತಿದರು. ಅದಕ್ಕೆ ಮೋಟಾರು ಇತ್ತು, ಹಿಡಿಕೆ ತಿರುವುವ ಕೆಲಸ ತಪ್ಪಿತು. ಅದರ ಅಳತೆಗಳಲ್ಲಿ 1963ರಲ್ಲಿ ಗೇಲ್ ಸ್ಮಿತ್ ಎಂಬ ವಿದ್ಯಾರ್ಥಿನಿಗೆ ಒಂದು ಒಂಟಿ ಮೋಡ ಸಿಕ್ಕಿತು. ತಟ್ಟೆಗೆ ಸೇರದ, ಹತ್ತು ಲಕ್ಷ ಸೂರ್ಯರಷ್ಟು ತೂಕದ ಆ ಮೋಡ ಆಕಾಶಗಂಗೆಯ ಕಡೆಗೆ ಧಾವಿಸುತ್ತಿದೆ. ಸುಮಾರು ಮೂರು ಕೋಟಿ ವರ್ಷಕ್ಕೆ ಬಂದು ಅಪ್ಪಳಿಸಬೇಕು. ಸ್ಮಿತ್ ಮೋಡ ಎಂದೇ ಅದರ ಹೆಸರು. ಡ್ವಿಂಗೆಲೋ ಬೋಗುಣಿ ಈಗ ರಾಷ್ಟ್ರೀಯ ಸ್ಮಾರಕ, ಹವ್ಯಾಸಿಗಳು ಅದನ್ನು ಇವತ್ತಿಗೂ ಓಡಿಸುತ್ತಾರೆ.

ಈ ಕಥೆಗೆ ಮೈಸೂರು ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನ ಓದಿದ ಒಬ್ಬರು ಬಂದು ಸೇರುತ್ತಾರೆ. ವಿ. ರಾಧಾಕೃಷ್ಣನ್, ಸಿ.ವಿ. ರಾಮನ್ ಅವರ ಮಗ. ಸ್ವೀಡನ್, ಕ್ಯಾಲಿಫೋರ್ನಿಯಾ ಸುತ್ತಿ, ಮೂರು ಒಡಲಿನ ಹಾಯಿದೋಣಿಯಲ್ಲಿ ಸಾಗರಗಳನ್ನು ದಾಟಿ ಆಸ್ಟ್ರೇಲಿಯ ಮುಟ್ಟಿದ ಆಸಾಮಿ. ಅಲ್ಲಿನ ಪಾರ್ಕ್ಸ್‌ನಲ್ಲಿ 64 ಮೀಟರಿನ ಬೋಗುಣಿಗೆ ಹಳಿಯ ಮೇಲೆ ಸರಿಯುವ ಇನ್ನೊಂದು ಸಣ್ಣ ಬೋಗುಣಿಯನ್ನು ಜೋಡಿಸಿ ಅವರು, ಸಂಗಡಿಗರು ಜಲಜನಕವನ್ನು ಬೇರೆ ಬಗೆಯಲ್ಲಿ ಅಳೆದರು. ದೂರದ ಪ್ರಬಲ ರೇಡಿಯೊ ಮೂಲವೊಂದರ ಮುಂದೆ ತಣ್ಣನೆಯ ಮೋಡ ಅಡ್ಡ ಬಂದರೆ 21 ಸೆಂಟಿಮೀಟರಿನಲ್ಲಿ ಉಬ್ಬಿನ ಬದಲು ಹಳ್ಳ ಬೀಳುತ್ತದೆ. ಅದೇ ದಿಕ್ಕಿನಲ್ಲಿ ಉಬ್ಬು ಎಷ್ಟು, ಹಳ್ಳ ಎಷ್ಟು ಎಂದು ಹೋಲಿಸಿದರೆ ಅನಿಲದ ಉಷ್ಣತೆ ಹೊರಬೀಳುತ್ತದೆ. ಕೆಲವು ಮೋಡಗಳು ಸೊನ್ನೆಗಿಂತ 200 ಡಿಗ್ರಿ ಸೆಲ್ಸಿಯಸ್‌ನಷ್ಟು ಕೆಳಗೆ. ಅವುಗಳ ಸುತ್ತ ತೆಳ್ಳಗೆ ಹರಡಿದ ಅನಿಲ ಸಾವಿರಾರು ಡಿಗ್ರಿ. ಎರಡೂ ಅಕ್ಕಪಕ್ಕ ಬಾಳುತ್ತಿವೆ. 1972ರಲ್ಲಿ ಈ ಸಮೀಕ್ಷೆ ಪ್ರಕಟವಾಯಿತು, ಅದೇ ವರ್ಷ ರಾಧಾಕೃಷ್ಣನ್ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ನಿರ್ದೇಶಕರಾಗಿ ಬಂದರು. ಮೇಖ್ರಿ ಸರ್ಕಲ್ ಬಳಿಯ ಆ ಮರಗಳ ಆವರಣ ರೇಡಿಯೊ ಖಗೋಳದ ಮನೆಯಾದದ್ದು ಅಲ್ಲಿಂದ.

ಆ ಸಂಸ್ಥೆಯವರೇ 2020ರ ಆರಂಭದಲ್ಲಿ ಶರಾವತಿಯ ಹಿನ್ನೀರಿನ ಮೇಲೆ ತೆಪ್ಪ ಬಿಟ್ಟು, ಅದರ ಮೇಲೆ ‘ಸರಸ್’ ಎಂಬ ಆಂಟೆನಾ ತೇಲಿಸಿದರು. ಅವರು ಹುಡುಕುತ್ತಿದ್ದುದೂ ಇದೇ ಜಲಜನಕ, ಆದರೆ ವಿಶ್ವ ಹುಟ್ಟಿ ಸುಮಾರು 20 ಕೋಟಿ ವರ್ಷವಾಗಿದ್ದಾಗ ಹೊರಟದ್ದು. ವಿಶ್ವ ಹಿಗ್ಗಿದಂತೆ 21 ಸೆಂಟಿಮೀಟರಿನ ಅಲೆ ನಾಲ್ಕು ಮೀಟರಿಗೆ ಎಳೆದುಹೋಗಿದೆ. ನೆಲದ ಮೇಲಿಟ್ಟರೆ ಮಣ್ಣಿನ, ಬಂಡೆಯ ಪದರಗಳು ಅಳತೆ ಕೆಡಿಸುತ್ತವೆ. ಆಳವಾದ ನೀರು ಎಲ್ಲ ಕಡೆ ಒಂದೇ ಸಮ. ಇನ್ನು ಆ ಅಲೆಗಳಲ್ಲಿ ಆಕಾಶಗಂಗೆಯ ಸದ್ದೇ ಹುಡುಕುವ ಸಂಕೇತಕ್ಕಿಂತ ಸಾವಿರಾರು ಪಟ್ಟು ಜೋರು. ಒಂದು ಪೀಳಿಗೆ ಜೀವ ತೇಯ್ದು ಕೇಳಿಸಿಕೊಂಡ ಗ್ಯಾಲಕ್ಸಿ ಇವರ ಪಾಲಿಗೆ ಬರೀ ಗಲಾಟೆ. ಆಸ್ಟ್ರೇಲಿಯದ ಮರುಭೂಮಿಯಲ್ಲಿ ಆ ಆದಿಮ ಸಂಕೇತ ಸಿಕ್ಕಿತೆಂದು 2018ರಲ್ಲಿ ಅಮೆರಿಕದ ತಂಡವೊಂದು ಸಾರಿತ್ತು. ಸಿಕ್ಕಿಲ್ಲವೆಂದು ಸರಸ್ ತಂಡ 2022ರಲ್ಲಿ, ಶೇ. 95ಕ್ಕೂ ಹೆಚ್ಚಿನ ವಿಶ್ವಾಸದಿಂದ, ಹೇಳಿತು.

ನಮ್ಮ ಗ್ಯಾಲಕ್ಸಿಯ ಜಲಜನಕದ ಮಟ್ಟಿಗೆ ಈಗಿನ ದೊಡ್ಡ ದಾಖಲೆ 2016ರದು. ಜರ್ಮನಿಯ ಎಫೆಲ್ಸ್‌ಬರ್ಗ್‌ನ 100 ಮೀಟರಿನ ಬೋಗುಣಿ ಉತ್ತರಾಕಾಶವನ್ನೂ ಪಾರ್ಕ್ಸ್ ದಕ್ಷಿಣವನ್ನೂ ಅಳೆದು, ಹತ್ತು ಲಕ್ಷಕ್ಕೂ ಹೆಚ್ಚು ವೀಕ್ಷಣೆಗಳನ್ನು ಹೊಲಿದು ಮಾಡಿದ ಇಡೀ ಆಕಾಶದ ಚಿತ್ರ. ಅದರಲ್ಲಿ ಆಕಾಶಗಂಗೆ ಒಂದು ಪಟ್ಟಿಯಲ್ಲ. ಮೇಲೂ ಕೆಳಗೂ ಸಿಡಿದ ಎಳೆಗಳು, ಸ್ಫೋಟಗಳು ಊದಿದ ಪೊಳ್ಳು ಗುಳ್ಳೆಗಳು, ಹೊರಗಿನಿಂದ ಬೀಳುತ್ತಿರುವ ಚಿಂದಿಗಳು. ಇಂಥ ಅಳತೆ ಸಾಧ್ಯವಾಗಿರುವುದು 1400ರಿಂದ 1427 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಭೂಮಿಯ ಮೇಲೆ ಯಾರೂ ಪ್ರಸಾರ ಮಾಡಕೂಡದೆಂಬ ಅಂತರರಾಷ್ಟ್ರೀಯ ಕಟ್ಟಳೆಯಿಂದ. ಮೊಬೈಲ್ ಕಂಪನಿಗಳು ಕಂಪನಾಂಕದ ಒಂದೊಂದು ಅಂಗುಲಕ್ಕೂ ಸಾವಿರಾರು ಕೋಟಿ ಹರಾಜು ಕೂಗುವ ಕಾಲದಲ್ಲಿ ಇಷ್ಟು ಜಾಗ ಪರಮಾಣುವೊಂದರ ಹೆಸರಿನಲ್ಲಿ ಉಳಿದಿರುವುದು ಆಶ್ಚರ್ಯವೇ.

ನಡಿಗೆಯಿಂದ ದೂರ ಊಹಿಸುವ ಕಷ್ಟವನ್ನು ತಪ್ಪಿಸಲು ಈಚೆಗೆ ಬೇರೆ ದಾರಿ ಸಿಕ್ಕಿದೆ. ಹೊಸ ನಕ್ಷತ್ರಗಳ ಸುತ್ತ ನೀರಿನ ಆವಿ ಮತ್ತು ಮೆಥನಾಲ್ ಅಣುಗಳಿಂದ ಪ್ರಖರ ರೇಡಿಯೊ ಚುಕ್ಕೆಗಳು ಹೊಮ್ಮುತ್ತವೆ. ಭೂಮಿ ಸೂರ್ಯನನ್ನು ಸುತ್ತುವಾಗ ಅವು ಆಕಾಶದಲ್ಲಿ ಎಷ್ಟು ಅಲುಗಿದಂತೆ ಕಾಣುತ್ತವೆ ಎಂದು ಖಂಡಾಂತರದ ದೂರದರ್ಶಕಗಳನ್ನು ಬೆಸೆದು ಅಳೆದರೆ ದೂರ ನೇರವಾಗಿ ದಕ್ಕುತ್ತದೆ. ಸುಮಾರು ಇನ್ನೂರು ಇಂಥ ಚುಕ್ಕೆಗಳನ್ನು ಆಧಾರವಾಗಿಟ್ಟು 2019ರಲ್ಲಿ ಬಂದ ನಕ್ಷೆ ನಾಲ್ಕು ದೊಡ್ಡ ತೋಳುಗಳನ್ನು ತೋರಿಸಿತು, ಜಲಜನಕದ ಹಳೆಯ ಉಬ್ಬುಗಳನ್ನು ಈಗ ಈ ಚೌಕಟ್ಟಿನಲ್ಲಿ ಮತ್ತೆ ಓದುತ್ತಿದ್ದಾರೆ. ಆ ಚುಕ್ಕೆಗಳಲ್ಲಿ ಕೇಂದ್ರದಾಚೆಗೆ, 66,000 ಜ್ಯೋತಿರ್ವರ್ಷ ದೂರದ ಒಂದನ್ನು 2017ರಲ್ಲೇ ಮುಟ್ಟಿದ್ದರು. ಉಳಿದವು ಬಹುಪಾಲು ನಮ್ಮ ಮಗ್ಗುಲಿನವು. ಆಚೆ ಮಗ್ಗುಲಿನ ತೋಳುಗಳನ್ನು, ಈಚೆ ಕಂಡ ಬಾಗನ್ನೇ ಮುಂದುವರಿಸಿ, ಸದ್ಯಕ್ಕೆ ಅಂದಾಜಿನಿಂದ ಬರೆದಿದ್ದಾರೆ.